ತೇಲುವ ಬುರುಡೆಗೆ ಕಾಣದ ವಿಷ

ಶಿಕಾರಿಪುರ, ಸೊರಬದ ಕಾಡಂಚಿನಲ್ಲೆಲ್ಲೋ ಕಳ್ಳಭಟ್ಟಿಗೆಂದು ಇಟ್ಟ ಬೆಲ್ಲದ ಕೊಳೆ ಸಿಕ್ಕಿತು ಎನ್ನಿ. ಅಬಕಾರಿಯವರು ಪಂಚನಾಮೆ ಬರೆಯುತ್ತಾರೆ, ಸ್ವಲ್ಪವನ್ನು ಶೀಶೆಗೆ ತುಂಬಿ ಅರಗಿನ ಮುದ್ರೆ ಹಾಕುತ್ತಾರೆ, ಉಳಿದದ್ದನ್ನು ಚೆಲ್ಲುತ್ತಾರೆ. ಅಲ್ಲಿಂದಾಚೆ ಕೇಸಿನ ಜೀವವೆಲ್ಲ ಆ ಶೀಶೆಯಲ್ಲಿ. ಅದರಲ್ಲಿ ಆಲ್ಕೋಹಾಲ್ ಎಷ್ಟಿದೆ ಎಂಬುದಕ್ಕೆ ಗ್ಯಾಸ್ ಕ್ರೊಮ್ಯಾಟೋಗ್ರಫಿಯ ಮಾತೇ ಕೊನೆಯ ಮಾತು ಎಂಬ ನಂಬಿಕೆ ಈಗ ಗಟ್ಟಿಯಾಗಿದೆ. ಈ ನಂಬಿಕೆಯಲ್ಲಿ ಮುಕ್ಕಾಲು ಪಾಲು ನ್ಯಾಯವಿದೆ. ಉಳಿದ ಕಾಲು ಪಾಲಿನ ಬಗ್ಗೆ ನನಗೆ ತಕರಾರಿದೆ.

ಹಳೆಯ ಸಾಧನ ಹೈಡ್ರೋಮೀಟರ್. ಕೊಳೆಯಲ್ಲಿ ಬೆಲ್ಲದ ಅಂಶ ಇರುವುದರಿಂದ ಮೊದಲು ಬಟ್ಟಿ ಇಳಿಸಿ, ಇಳಿದದ್ದಕ್ಕೆ ಗಾಜಿನ ಬುರುಡೆಯನ್ನು ಬಿಡುತ್ತಾರೆ. ಆಲ್ಕೋಹಾಲ್ ಹೆಚ್ಚಿದ್ದಷ್ಟೂ ಅದು ಆಳಕ್ಕೆ ಮುಳುಗುತ್ತದೆ. ಕರೆಂಟು ಬೇಡ, ಖರ್ಚಿಲ್ಲ. ಅಂಗಡಿಯ ಬ್ರಾಂದಿ, ವಿಸ್ಕಿ ಬಾಟಲಿಯ ಮೇಲಿನ ಶೇ 42.8 ನಿಜವೇ ಎಂದು ನೋಡಲು ಧಾರಾಳ ಸಾಕು. ಆದರೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಥನಾಲಿನ ಸಾಂದ್ರತೆ 0.789, ಮೆಥನಾಲಿನದು 0.792. ಅಮಲೇರಿಸುವುದೂ ಕಣ್ಣು ಕಳೆಯುವುದೂ ಬುರುಡೆಯ ಪಾಲಿಗೆ ಒಂದೇ.

ಇದು ಬರೀ ಪುಸ್ತಕದ ಸೂಕ್ಷ್ಮವಲ್ಲ. ಶಿಕಾರಿಪುರದ ಶಾಸಕರಾಗಿದ್ದ ಬಿ.ಎಸ್. ಯಡಿಯೂರಪ್ಪ ಹಣಕಾಸು ಖಾತೆ ಹೊಂದಿದ್ದಾಗ, 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಭಾಗದಲ್ಲಿ ಮೆಥನಾಲ್ ಬೆರೆತ ಕಳ್ಳ ಸಾರಾಯಿ ಕುಡಿದು 150ಕ್ಕೂ ಹೆಚ್ಚು ಜನ ಸತ್ತರು. ನಿಷೇಧ ಸರಿಯೋ ತಪ್ಪೋ ಎಂಬ ಜಗಳ ಬೇರೆ. ಅಂಥ ಹೊತ್ತಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು’ ಎಂಬುದಲ್ಲ, ‘ಯಾವುದು’ ಎಂಬುದು.

ಕ್ರೊಮ್ಯಾಟೋಗ್ರಫಿಯ ಹೆಚ್ಚುಗಾರಿಕೆ ಇರುವುದೇ ಇಲ್ಲಿ. ಮಾದರಿಯ ಆವಿಯನ್ನು ನೈಟ್ರೋಜನ್ ಅಥವಾ ಹೀಲಿಯಂ, ಕೂದಲಿನಂತೆ ಸಣ್ಣಗಿನ ಹತ್ತಾರು ಮೀಟರ್ ಉದ್ದದ ಕೊಳವೆಯೊಳಗೆ ತಳ್ಳಿಕೊಂಡು ಹೋಗುತ್ತದೆ. ಚಂದ್ರಗುತ್ತಿ ಜಾತ್ರೆಗೆ ಒಟ್ಟಿಗೇ ಹೊರಟರೂ ದಾರಿಯಲ್ಲಿ ಗುರುತಿನವರ ಜೊತೆ ನಿಂತು ಮಾತಾಡುವವರು ತಡವಾಗಿ ಮುಟ್ಟುತ್ತಾರಲ್ಲ, ಹಾಗೆ ಕೊಳವೆಯ ಒಳಲೇಪಕ್ಕೆ ಹೆಚ್ಚು ಅಂಟಿಕೊಳ್ಳುವುದು ಹಿಂದೆ ಬೀಳುತ್ತದೆ. ಸಾಮಾನ್ಯವಾಗಿ ಮೆಥನಾಲ್ ಮೊದಲು, ಎಥನಾಲ್ ಆಮೇಲೆ. ತುದಿಯ ಹೈಡ್ರೋಜನ್ ಜ್ವಾಲೆಯಲ್ಲಿ ಒಂದೊಂದೂ ಉರಿದಾಗ ಪರದೆಯ ಮೇಲೆ ಒಂದೊಂದು ಶಿಖರ ಏಳುತ್ತದೆ. ಮೊದಲೇ ಗೊತ್ತಿರುವ ಪ್ರಮಾಣದಲ್ಲಿ ಬೆರೆಸಿದ ಪ್ರೊಪನಾಲಿನ ಶಿಖರದ ವಿಸ್ತೀರ್ಣಕ್ಕೆ ಹೋಲಿಸಿ ಲೆಕ್ಕ ತೆಗೆಯುವುದರಿಂದ, ಹಾಕಿದ ಹನಿ ತುಸು ಹೆಚ್ಚುಕಮ್ಮಿಯಾದರೂ ಫಲಿತಾಂಶ ಕೆಡುವುದಿಲ್ಲ. ‘ಯಾವುದು’, ‘ಎಷ್ಟು’ ಎರಡಕ್ಕೂ ಒಂದೇ ಓಟದಲ್ಲಿ ಉತ್ತರ.

ಆದರೆ ಯಂತ್ರ ಅಳೆಯುವುದು ತನ್ನೆದುರು ಬಂದು ನಿಂತ ಶೀಶೆಯನ್ನು, ಕಾಡಿನಲ್ಲಿ ಸಿಕ್ಕ ಕೊಡವನ್ನಲ್ಲ. ಕೊಳೆ ಸತ್ತ ವಸ್ತುವಲ್ಲ. ಅರಗು ಹಾಕಿದ ಮೇಲೂ ಅದರೊಳಗಿನ ಯೀಸ್ಟ್ ಬೆಲ್ಲ ತಿನ್ನುತ್ತಲೇ ಇರುತ್ತದೆ. ಲ್ಯಾಬಿನಲ್ಲಿ ಬಿರಡೆ ಬಿಚ್ಚಿದಾಗ ಬುಸ್ ಎಂದರೆ ಅದೇ ಸಾಕ್ಷಿ. ಗಾಳಿ ಸೇರಿದರೆ ಹುಳಿಯಾಗಿ ಆಲ್ಕೋಹಾಲ್ ಇಳಿಯಲೂಬಹುದು. ಕುಡಿದು ಗಾಡಿ ಓಡಿಸಿದವರ ರಕ್ತದ ಕತೆಯೂ ಬೇರೆಯಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಗೆರೆ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಸೂಜಿ ಚುಚ್ಚುವ ಜಾಗವನ್ನು ಸ್ಪಿರಿಟ್ಟಿನಲ್ಲಿ ಒರೆಸಿದರೆ, ಶೀಶೆಗೆ ಸೋಡಿಯಂ ಫ್ಲೋರೈಡ್ ಹಾಕದೆ ಬಿಸಿಲಲ್ಲಿ ಇಟ್ಟರೆ, ಗೆರೆಯ ಆಸುಪಾಸಿನ ಅಂಕಿಯ ಮೇಲೆ ಭರವಸೆ ಇಡುವುದು ಕಷ್ಟ.

ಹಾಗಾಗಿ ನನ್ನ ತಕರಾರು ಯಂತ್ರದ ಮೇಲಲ್ಲ, ಅದರ ಅಂಕಿಯನ್ನು ಮಾತ್ರ ಓದುವ ನಮ್ಮ ಅಭ್ಯಾಸದ ಮೇಲೆ. ದಶಾಂಶದ ಮುಂದೆ ಎರಡು ಅಂಕಿ ಕಂಡ ಕೂಡಲೇ ನಾವು ತಲೆಬಾಗುತ್ತೇವೆ. ಶೀಶೆ ತುಂಬಿದ್ದು ಯಾವತ್ತು, ತಂಪಿನಲ್ಲಿತ್ತೇ, ಲ್ಯಾಬು ಮುಟ್ಟಿದ್ದು ಯಾವತ್ತು ಎಂಬ ಮೂರು ಸಾಲು ಆ ಅಂಕಿಯ ಪಕ್ಕದಲ್ಲೇ ಇದ್ದರೆ ಮಾತ್ರ ಅದು ಸಾಕ್ಷಿ. ಇಲ್ಲದಿದ್ದರೆ ಬರೀ ಅಂಕಿ.