ಮಲಪ್ರಭೆಯ ದಡದ ಹಿತ್ತಿಲು

ಕಣಕುಂಬಿಯ ಕಾನನದಲ್ಲಿ ಉದಿಸಿ, 304 ಕಿಲೋಮೀಟರು ನಡೆದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯು ಖಾನಾಪುರದ ಮಗ್ಗುಲಲ್ಲಿ ಹರಿಯುವಾಗ ಇನ್ನೂ ಬಾಲೆಯೇ. ಆದರೂ ಆಷಾಢದ ಮಳೆ ಹಿಡಿದೊಡನೆ ಕೆಂಪಗೆ ಉಬ್ಬಿ ದಡವನ್ನು ಕೊರೆಯುವ ಆಕೆಯ ಸ್ವಭಾವವನ್ನು ಅರಿತವರು ಮಾತ್ರವೇ ಅವಳ ನೆರೆಯಲ್ಲಿ ಮನೆಯಂಗಳವನ್ನು ರಚಿಸಬಲ್ಲರು. ಇಲ್ಲಿ ಉದ್ಯಾನಕಲೆಯೆಂಬುದು ಮೊದಲು ನೀರಿನ ಕಲೆ, ಹೂವಿನದು ಆಮೇಲೆ. ಜಂಬಿಟ್ಟಿಗೆಯ ಕಲ್ಲನ್ನು ಗಾರೆಯಿಲ್ಲದೆ ಹಂತಹಂತವಾಗಿ ಜೋಡಿಸಿ, ಹೆಂಚಿನ ಸೂರಿನಿಂದ ಸುರಿದ ಮಳೆ ಒಮ್ಮೆಗೇ ಹೊಳೆಗೆ ಧುಮುಕದೆ ಸಂದುಸಂದುಗಳಲ್ಲಿ ಇಂಗಿ ಇಳಿಯುವಂತೆ ಮಾಡಿ, ನೀರಂಚನ್ನು ಹೊಳೆಮತ್ತಿ, ನೇರಳೆಗಳ ಬೇರಿಗೆ ಒಪ್ಪಿಸಿ, ಮೇಲಣ ಮಟ್ಟದಲ್ಲಿ ಹಲಸು ಮಾವುಗಳಿಗೆ ಎಡೆಗೊಟ್ಟು, ಹೊಸ್ತಿಲ ಬಳಿ ತುಳಸಿಯನ್ನೂ ದಾಸವಾಳವನ್ನೂ ಇರಿಸಿದ ಹಿತ್ತಿಲಿಗಿಂತ ಸುಂದರವಾದ ರಚನೆಯನ್ನು ನಾನು ಕಾಣೆ.

2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಇಪ್ಪತ್ತು ನಗರಗಳಲ್ಲೊಂದಾಗಿ ಆಯ್ಕೆಯಾದ ಬೆಳಗಾವಿಯಲ್ಲಿ ಬಡಾವಣೆಗಳನ್ನು ಕಲ್ಪಿಸುವವರು, ಮಳೆಗೆ ಉಕ್ಕುವ ಬಳ್ಳಾರಿ ನಾಲೆಯನ್ನು ನೋಡಿಯಾದರೂ, ಒಮ್ಮೆ ಈ ಹಿತ್ತಿಲುಗಳಿಗೆ ಬಂದುಹೋಗಬಾರದೆ? ದಿನವೂ ನೀರುಣಿಸಬೇಕಾದ ಪರದೇಶದ ಹುಲ್ಲುಹಾಸಿನ ಮೇಲೆ ನನಗೇಕೋ ಪ್ರೀತಿ ಹುಟ್ಟದು. ಶ್ರಾವಣ ಕಳೆದು ನೆರೆ ಇಳಿದಾಗ ಕೆಳಗಿನ ಮೆಟ್ಟಿಲ ಮೇಲೆ ಉಳಿಯುವ ನುಣುಪಾದ ಮೆಕ್ಕಲುಮಣ್ಣಿನಲ್ಲಿ ಮನೆಯ ಹಿರಿಯಳು ಹರಿವೆಯ ಬೀಜವನ್ನು ಚೆಲ್ಲುತ್ತಾಳೆ.