ಎಲ್ಲೆಯಾಚೆಗೆ ಕಳುಹಿಸಿದ ರೂಪ: ಸಾಂಕ್ರಾಮಿಕ ರೋಗದ ಚಿತ್ರಣಗಳ ಒಂದು ದೈವಶಾಸ್ತ್ರೀಯ ವಿಮರ್ಶೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಅನೇಕ ಹಳ್ಳಿಗಳಲ್ಲಿ ಆಷಾಢ ಮಾಸ ಬಂತೆಂದರೆ ಅಜ್ಜಿ ಹಬ್ಬದ ಸಿದ್ಧತೆ ನಡೆಯುತ್ತದೆ. ಮನೆಯ ಹೆಂಗಸರು ಹೋಳಿಗೆ ಮಾಡಿ, ಬೇವಿನ ಸೊಪ್ಪು, ಅರಿಸಿನ, ಕುಂಕುಮ, ಬಳೆಗಳೊಡನೆ ಅದನ್ನು ಮೊರದಲ್ಲೋ ಕುಡಿಕೆಯಲ್ಲೋ ಇಟ್ಟು, ಊರ ಹೊರಗೆ ಒಯ್ದು ಬಿಟ್ಟುಬರುತ್ತಾರೆ. ಮಕ್ಕಳಿಗೆ ಅಮ್ಮ, ದಡಾರ ಬಾರದಿರಲಿ, ಬಂದವಳು ಉಂಡು ತಣ್ಣಗೆ ಮುಂದೆ ಹೋಗಲಿ ಎಂಬುದು ಅವರ ಬೇಡಿಕೆ. ದಾವಣಗೆರೆ, ಚಿತ್ರದುರ್ಗದ ಕಡೆ ಇದೇ ಆಚರಣೆಗೆ ಹೋಳಿಗೆಮ್ಮನ ಹಬ್ಬವೆಂದು ಹೆಸರು. ಎಷ್ಟೋ ಊರುಗಳಲ್ಲಿ ಈ ಅಜ್ಜಿಗೆ ವಿಗ್ರಹವೇ ಇಲ್ಲ; ಮೊರವೂ ಬೇವೂ ಸೇರಿ ಅವಳ ರೂಪವಾಗುತ್ತವೆ.

ಸಾಂಕ್ರಾಮಿಕ ರೋಗವನ್ನು ಮನುಷ್ಯರು ಹೇಗೆ ಚಿತ್ರಿಸಿದ್ದಾರೆಂಬ ವಿಚಾರವನ್ನು ನಾವು ಸಾಮಾನ್ಯವಾಗಿ ಯೂರೋಪಿನ ಚಿತ್ರಶಾಲೆಗಳಿಂದ ಆರಂಭಿಸುತ್ತೇವೆ. ಪ್ರಸ್ತುತ ಲೇಖನವು ಈ ಮೊರದಿಂದ ಆರಂಭಿಸಲು ಬಯಸುತ್ತದೆ. ಏಕೆಂದರೆ ನಮ್ಮ ಸಭೆಗಳ ಉಪದೇಶದಲ್ಲಿ ಇಂತಹ ಆಚರಣೆಗಳಿಗೆ ಮೂಢನಂಬಿಕೆಯೆಂಬ ಒಂದೇ ಮಾತಿನ ತೀರ್ಪು ದೊರೆಯುವುದುಂಟು. ಅದೇ ಹೊತ್ತಿಗೆ, ರೋಗದ ವಿಷಯದಲ್ಲಿ ನಾವೇ ರಚಿಸಿ ಹಂಚಿದ ಚಿತ್ರಗಳನ್ನು ಅದೇ ನಿಷ್ಠುರತೆಯಿಂದ ಪರೀಕ್ಷಿಸಿದ್ದು ಕಡಿಮೆ. ಚಿತ್ರವೊಂದು ನಿಜವೋ ಸುಳ್ಳೋ ಎಂದು ಕೇಳುವುದಷ್ಟೇ ಸಾಲದು. ಅದು ರೋಗಿಯನ್ನು ಎಲ್ಲಿ ನಿಲ್ಲಿಸುತ್ತದೆ ಎಂದೂ ಕೇಳಬೇಕು.

1. ಬಂಗಾರದ ಗಡ್ಡೆ, ಕಂಚಿನ ಸರ್ಪ

ರೋಗದ ರೂಪವನ್ನು ಮಾಡಿ ಎಲ್ಲೆಯಾಚೆಗೆ ಕಳುಹಿಸುವ ಕಾರ್ಯವು ಸತ್ಯವೇದಕ್ಕೆ ಅಪರಿಚಿತವಲ್ಲ. 1 ಸಮುವೇಲ 5 ಮತ್ತು 6ನೆಯ ಅಧ್ಯಾಯಗಳಲ್ಲಿ ಫಿಲಿಷ್ಟಿಯರು ಯೆಹೋವನ ಮಂಜೂಷವನ್ನು ಸೆರೆಹಿಡಿದು ಅಷ್ಡೋದಿಗೆ ತಂದಾಗ ಅಲ್ಲಿಯ ಜನರ ಮೈಯಲ್ಲಿ ಗಡ್ಡೆಗಳು ಏಳುತ್ತವೆ. ಅವರು ಅದನ್ನು ಗತ್ ಊರಿಗೆ ಸಾಗಿಸುತ್ತಾರೆ. ಅಲ್ಲಿಯೂ ಗಡ್ಡೆಗಳು ಏಳುತ್ತವೆ. ಗತ್ ಊರಿನವರು ಎಕ್ರೋನಿಗೆ ಕಳುಹಿಸುತ್ತಾರೆ. ಎಕ್ರೋನಿನವರು ಅದು ಬರುವುದನ್ನು ಕಂಡೇ ಗೋಳಿಡುತ್ತಾರೆ. ಕಡೆಗೆ ಅವರ ಪೂಜಾರಿಗಳು ಹೇಳಿದ ಉಪಾಯವೆಂದರೆ, ಬಂಗಾರದಲ್ಲಿ ಐದು ಗಡ್ಡೆಗಳನ್ನೂ ಐದು ಇಲಿಗಳನ್ನೂ ಮಾಡಿಸಿ, ಹೊಸ ಬಂಡಿಯ ಮೇಲೆ ಮಂಜೂಷದ ಪಕ್ಕದಲ್ಲಿಟ್ಟು, ನೊಗ ಕಾಣದ ಎರಡು ಹಸುಗಳನ್ನು ಹೂಡಿ ಗಡಿಯತ್ತ ಬಿಡುವುದು. ರೋಗದ ಚಿತ್ರಣವೆಂದು ನೇರವಾಗಿ ಕರೆಯಬಹುದಾದ ವಸ್ತುಗಳ ವರ್ಣನೆಗಳಲ್ಲಿ ಇದು ಬಹು ಹಳೆಯದು.

ಈ ಭಾಗವನ್ನು ನಮ್ಮ ಸೀಮೆಯ ಓದುಗನು ಓದುವ ರೀತಿಯೇ ಬೇರೆ. ಕಾಲರಾ, ಪ್ಲೇಗುಗಳ ಕಾಲದಲ್ಲಿ ಅಮ್ಮನನ್ನು ಸಣ್ಣ ಬಂಡಿಯಲ್ಲಿ ಕೂರಿಸಿ ಊರ ಎಲ್ಲೆ ದಾಟಿಸುತ್ತಿದ್ದ ವಾಡಿಕೆ ದಖ್ಖನಿನ ಉದ್ದಗಲಕ್ಕೂ ಇತ್ತು. ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ ಒಂದು ದಿನ ಅಡವಿಯಲ್ಲಿ ಕಳೆಯುವ ಹೊರಬೀಡಿನ ಆಚರಣೆಯನ್ನು ಈ ಭಾಗದವರು ಇಂದಿಗೂ ಬಲ್ಲರು. ಬಂಡಿ ಹೂಡಿ ಗಡಿಯತ್ತ ನೋಡುತ್ತ ನಿಂತ ಫಿಲಿಷ್ಟಿಯರ ಮುಖ ಇಲ್ಲಿಯವರಿಗೆ ಹೊಸದಲ್ಲ.

ನಿಕೋಲಾ ಪುಸ್ಸೆನ್ 1630-31ರಲ್ಲಿ ರೋಮಿನಲ್ಲಿ ಬರೆದು, ಈಗ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ‘ಅಷ್ಡೋದಿನ ಮಾರಿ’ ಎಂಬ ವರ್ಣಚಿತ್ರವು ಇದೇ ಕಥೆಯನ್ನು ಆಧರಿಸಿದೆ. ಉತ್ತರ ಇಟಲಿಯಲ್ಲಿ ಪ್ಲೇಗು ಸಾವಿರಾರು ಜನರನ್ನು ಕೊಲ್ಲುತ್ತಿದ್ದ ಕಾಲವದು. ಚಿತ್ರದ ಬೀದಿಯಲ್ಲಿ ಇಲಿಗಳು ಹರಿದಾಡುತ್ತವೆ. ಇಲಿಗೂ ಪ್ಲೇಗಿಗೂ ಇರುವ ಸಂಬಂಧವನ್ನು ವಿಜ್ಞಾನವು ತಿಳಿದದ್ದು ಬಹಳ ತಡವಾಗಿ: ಯೆರ್ಸಿನ್ ರೋಗಾಣುವನ್ನು ಗುರುತಿಸಿದ್ದು 1894ರಲ್ಲಿ, ಸಿಮೊಂ ಚಿಗಟದ ಪಾತ್ರವನ್ನು ತೋರಿಸಿದ್ದು 1898ರಲ್ಲಿ. ಪುಸ್ಸೆನ್ ಇಲಿಗಳನ್ನು ಬರೆದದ್ದು ವೈದ್ಯಜ್ಞಾನದಿಂದಲ್ಲ, ವೇದವಾಕ್ಯದ ಮೇಲಿನ ನಿಷ್ಠೆಯಿಂದ. ಆದರೆ ಚಿತ್ರದಲ್ಲಿ ನಮ್ಮ ಕಣ್ಣನ್ನು ಹಿಡಿದು ನಿಲ್ಲಿಸುವುದು ಇಲಿಯೂ ಅಲ್ಲ, ಮಂಜೂಷವೂ ಅಲ್ಲ. ಮುಂಭಾಗದಲ್ಲಿ ಸತ್ತು ಬಿದ್ದ ತಾಯಿ, ಅವಳ ಎದೆಯ ಕಡೆಗೆ ತೆವಳುವ ಕೂಸು, ಮೂಗು ಮುಚ್ಚಿಕೊಂಡು ಬಾಗಿ ಆ ಕೂಸನ್ನು ತಡೆಯುವ ಒಬ್ಬ ಗಂಡಸು. ಸತ್ಯವೇದದ ಕಥನದಲ್ಲಿ ಫಿಲಿಷ್ಟಿಯರು ಶತ್ರುಗಳು. ಪುಸ್ಸೆನನ ಚಿತ್ರದಲ್ಲಿ ಅವರು ಮಕ್ಕಳೊಂದಿಗರು. ಶತ್ರುವಿನ ಊರಿನ ರೋಗಕ್ಕೂ ಒಂದು ಮುಖ ಕೊಟ್ಟದ್ದು ಈ ಚಿತ್ರದ ಹಿರಿಮೆ.

ಅರಣ್ಯಕಾಂಡ 21ರ ಕಂಚಿನ ಸರ್ಪವು ಇನ್ನೊಂದು ಬಗೆಯದು. ಅದನ್ನು ಆಚೆಗೆ ಕಳುಹಿಸುವುದಿಲ್ಲ. ಪಾಳೆಯದ ಎಲ್ಲರಿಗೂ ಕಾಣುವಂತೆ ಕಂಬದ ಮೇಲೆ ಎತ್ತುತ್ತಾರೆ. ಕಚ್ಚಿದ ಬಾಧೆಯನ್ನೇ ದಿಟ್ಟಿಸಿದವನು ಬದುಕುತ್ತಾನೆ. ಆದರೆ ಅದೇ ಸರ್ಪಕ್ಕೆ ಮುಂದೆ ಧೂಪ ಹಾಕತೊಡಗಿದಾಗ ಹಿಜ್ಕೀಯನು ಅದನ್ನು ಒಡೆದು ಚೂರುಮಾಡಿದನೆಂದು 2 ಅರಸುಗಳು 18 ತಿಳಿಸುತ್ತದೆ. ಒಂದು ಕಾಲದಲ್ಲಿ ಗುಣಪಡಿಸಿದ ಚಿತ್ರವೇ ಇನ್ನೊಂದು ಕಾಲದಲ್ಲಿ ಒಡೆಯಬೇಕಾದದ್ದಾಗಬಹುದು. ಈ ಎಚ್ಚರವನ್ನು ಪರರ ವಿಗ್ರಹಗಳಿಗಷ್ಟೇ ಅನ್ವಯಿಸುವುದು ನ್ಯಾಯವಲ್ಲ.

2. ಅಮ್ಮನ ರೂಪ: ಗುಣ ಮತ್ತು ದೋಷ

ಗ್ರಾಮದೇವತೆಯರ ಚಿತ್ರಗಳನ್ನು ಕ್ರೈಸ್ತ ಓದುಗರ ಮುಂದಿಟ್ಟ ಪುಸ್ತಕಗಳಲ್ಲಿ ಮದರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ ಅವರು ದಕ್ಷಿಣ ಭಾರತದ ಗ್ರಾಮದೇವತೆಗಳನ್ನು ಕುರಿತು 1916ರಲ್ಲಿ ಪ್ರಕಟಿಸಿದ ಗ್ರಂಥವು ಮುಖ್ಯವಾದದ್ದು. ಅದರ ಶ್ರಮ ದೊಡ್ಡದು. ಆದರೆ ಅದರ ದೃಷ್ಟಿ ನೆಟ್ಟಿರುವುದು ದೇವತೆಯ ಮೇಲೆ, ಬಲಿಯ ಮೇಲೆ, ವಿಧಿಯ ಮೇಲೆ. ಕೂಸಿನ ಮೈ ಕಾದಾಗ ಬೇವಿನ ಸೊಪ್ಪಿನಿಂದ ಗಾಳಿ ಹಾಕುತ್ತ ರಾತ್ರಿಯೆಲ್ಲ ಕುಳಿತ ತಾಯಿ ಅಂತಹ ಅಧ್ಯಯನಗಳ ವಿಷಯವಾಗಲಿಲ್ಲ.

ಆ ತಾಯಿಯ ಕಡೆಯಿಂದ ನೋಡಿದರೆ ಅಮ್ಮನೆಂಬ ರೂಪಕದ ಗುಣ ತಿಳಿಯುತ್ತದೆ. ‘ಅಮ್ಮ ಬಂದಿದ್ದಾಳೆ’ ಎಂಬ ಮಾತು ರೋಗವನ್ನು ಮನೆಗೆ ಬಂದ ಹಿರಿಯಳನ್ನಾಗಿ ಕಾಣುತ್ತದೆ. ರೋಗಿಯು ಹೇಸಿಗೆಯ ವಸ್ತುವಾಗುವುದಿಲ್ಲ. ಅವನ ಸುತ್ತ ಮಾತು ಮೆತ್ತಗಾಗುತ್ತದೆ, ಒಗ್ಗರಣೆಯ ಘಾಟು ನಿಲ್ಲುತ್ತದೆ, ಮನೆ ಮಡಿಯಾಗುತ್ತದೆ. ರೋಗ ಬೇರೆ, ರೋಗಿ ಬೇರೆ ಎಂಬ ಅಂತರವನ್ನು ಈ ರೂಪಕ ಕಾಯುತ್ತದೆ. ಸಿಡುಬಿನ ಕಲೆ ಹೊತ್ತು ಬದುಕುಳಿದವನು ಅಮ್ಮನ ಕೈಯಿಂದ ಪಾರಾದವನೆನಿಸಿದನೇ ಹೊರತು ಪಾಪದ ಗುರುತು ಹೊತ್ತವನೆನಿಸಲಿಲ್ಲ.

ದೋಷವೂ ಇದೆ, ಅದು ಸಣ್ಣದಲ್ಲ. ಎಲ್ಲೆ ದಾಟಿಸಿದ ಬಂಡಿ ಶೂನ್ಯಕ್ಕೆ ಹೋಗುವುದಿಲ್ಲ; ಪಕ್ಕದ ಊರಿನ ಹೊಲಕ್ಕೆ ಹೋಗುತ್ತದೆ. ಆ ಊರಿನವರು ಅದನ್ನು ಮುಂದಿನ ಎಲ್ಲೆಗೆ ನೂಕುತ್ತಾರೆ. ಅಷ್ಡೋದಿನಿಂದ ಗತ್ತಿಗೆ, ಗತ್ತಿನಿಂದ ಎಕ್ರೋನಿಗೆ ಸಾಗಿದ್ದು ಇದೇ ದಾರಿ. ಕಡೆಗೆ ಬೇತ್‌ಷೆಮೆಷಿನಲ್ಲಿಯೂ ಜನ ಸತ್ತರು. ನೆರೆಯವನು ಯಾರು ಎಂಬ ಸುವಾರ್ತೆಯ ಪ್ರಶ್ನೆಗೆ ಈ ಬಂಡಿಯು ಉತ್ತರ ಕೊಡಲಾರದು. ನಮ್ಮ ವಿಮರ್ಶೆ ಮುಟ್ಟಬೇಕಾದುದು ಇಲ್ಲಿ. ಹೋಳಿಗೆಯನ್ನು ಹೀಗಳೆಯುವುದು ಸುಲಭ. ‘ಮುಂದಿನ ಊರಿನ ಕೂಸಿನ ಗತಿಯೇನು’ ಎಂದು ಕೇಳುವುದೇ ದೈವಶಾಸ್ತ್ರದ ಕೆಲಸ.

3. ರೋಗಿಯೇ ರೋಗವಾದ ಚಿತ್ರಗಳು

ಛಾಯಾಚಿತ್ರವು ಬಂದ ಮೇಲೆ ಅಮ್ಮನ ರೂಪ ಹಿಂದೆ ಸರಿದು ರೋಗಿಯ ದೇಹ ಮುಂದೆ ಬಂತು. 1896-97ರ ಮುಂಬಯಿ ಪ್ಲೇಗಿನ ಛಾಯಾಚಿತ್ರಗಳಲ್ಲಿ ಮನೆಗಳಿಗೆ ನೀರು ಹೊಡೆಯುವ ತಂಡಗಳು, ತಪಾಸಣೆಯ ಸಾಲುಗಳು, ಆಸ್ಪತ್ರೆಯ ಮಂಚಗಳು ಕಾಣುತ್ತವೆ. ಅಧಿಕಾರಿಗಳು ನೆಟ್ಟಗೆ ನಿಂತಿದ್ದಾರೆ. ರೋಗಿಗಳು ಮಲಗಿದ್ದಾರೆ ಅಥವಾ ಕಾಯುತ್ತಿದ್ದಾರೆ. ಇವು ಸರಕಾರದ ಶ್ರದ್ಧೆಗೆ ಸಾಕ್ಷಿಯಾಗಲೆಂದು ತೆಗೆದ ಚಿತ್ರಗಳು. ಬಡವನ ಮನೆ ಇಲ್ಲಿ ರೋಗದ ಬಿಲವಾಗಿ ಕಾಣುತ್ತದೆ.

ಮಿಶನರಿ ಚಿತ್ರಗಳನ್ನೂ ಇದೇ ಬೆಳಕಿನಲ್ಲಿ ನೋಡಬೇಕು. 1874ರಲ್ಲಿ ವೆಲ್ಲೆಸ್ಲಿ ಬೇಲಿ ಅವರು ಆರಂಭಿಸಿದ ಕುಷ್ಠರೋಗಿಗಳ ಸೇವಾಸಂಸ್ಥೆಯು ಈ ದೇಶದಲ್ಲಿ ಮಾಡಿದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಯಾರೂ ಮುಟ್ಟದ ಕೈಗಳನ್ನು ಅದು ಮುಟ್ಟಿತು. ಆ ಸಂಸ್ಥೆಯ ಪತ್ರಿಕೆಗೆ ‘ಪಾಳೆಯದ ಹೊರಗೆ’ ಎಂಬರ್ಥದ ಹೆಸರಿತ್ತು. ಪಾಳೆಯವೆಂಬ ಶಬ್ದ ಹರಪನಹಳ್ಳಿ, ಜರಿಮಲೆ, ಗುಡೇಕೋಟೆಯ ಪಾಳೆಯಗಾರರ ನೆಲದವರಿಗೆ ವಿವರಿಸಬೇಕಾದುದಲ್ಲ: ಒಳಗಿದ್ದವನಿಗೆ ರಕ್ಷಣೆ, ಹೊರಗಿದ್ದವನು ಅನಾಥ. ಯಾಜಕಕಾಂಡ 13ರಲ್ಲಿ ರೋಗಿಯು ಪಾಳೆಯದ ಹೊರಗೆ ವಾಸಿಸಬೇಕೆಂಬ ವಿಧಿಯಿದೆ. ಇಬ್ರಿಯರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯದಲ್ಲಿ ಯೇಸುವು ಬಾಗಿಲ ಹೊರಗೆ ಬಾಧೆಪಟ್ಟನು, ನಾವೂ ಪಾಳೆಯದ ಹೊರಗೆ ಆತನ ಬಳಿಗೆ ಹೋಗೋಣ ಎಂಬ ಕರೆಯಿದೆ. ಪತ್ರಿಕೆಯ ಹೆಸರಿನಲ್ಲಿ ಎರಡು ಧ್ವನಿಗಳೂ ಕೂಡಿವೆ. ಆದರೆ ದೂರದ ದೇಶದಲ್ಲಿ ದಾನ ಎತ್ತಲು ಕುಷ್ಠರೋಗಿಗಳ ಬೆರಳಿಲ್ಲದ ಕೈಗಳನ್ನೂ ಕುಗ್ಗಿದ ಮುಖಗಳನ್ನೂ ತೋರಿಸಿದ ಆ ಕಾಲದ ಚಿತ್ರಗಳಲ್ಲಿ ಮೊದಲನೆಯ ಧ್ವನಿಯೇ ಗಟ್ಟಿಯಾಗಿ ಕೇಳಿಸುತ್ತದೆ. ನೋಡುವವನು ಪಾಳೆಯದ ಒಳಗೆ ಕುಳಿತು ಮರುಗುತ್ತಾನೆ, ಹೊರಗೆ ಬರಬೇಕಾಗಿಲ್ಲ.

ಏಡ್ಸ್ ರೋಗದ ಮೊದಲ ವರುಷಗಳ ಭಿತ್ತಿಚಿತ್ರಗಳು ಇದನ್ನು ಇನ್ನೂ ಕ್ರೂರವಾಗಿಸಿದವು. ತಲೆಬುರುಡೆ, ಅಸ್ಥಿಪಂಜರ, ಮರಣವೆಂಬ ಬರಹ: ಎಚ್ಚರಿಸಲೆಂದೇ ಅವನ್ನು ಬರೆದರು. ಆದರೆ ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿ ಬೇರೂರಿದ್ದ, 1982ರ ಕಾನೂನು ಬಂದ ಮೇಲೂ ಅದರ ನೋವು ಆರದ ಈ ತಾಲ್ಲೂಕುಗಳಲ್ಲಿ ಆ ಬುರುಡೆಯನ್ನು ಜನ ಯಾರ ಮುಖಕ್ಕೆ ಅಂಟಿಸಿದರೆಂದು ಹೇಳಬೇಕಾಗಿಲ್ಲ. ಅಮ್ಮನ ರೂಪಕವು ರೋಗಿಗೆ ಕೊಟ್ಟಿದ್ದ ಮರ್ಯಾದೆಯನ್ನು ಆಧುನಿಕ ಚಿತ್ರವು ಕಿತ್ತುಕೊಂಡಿತು. ನಮ್ಮ ಪ್ರಸಂಗಪೀಠಗಳು ಆಗ ಬುರುಡೆಯ ಪಕ್ಕದಲ್ಲಿ ನಿಂತವೋ ಆ ಹೆಂಗಸಿನ ಪಕ್ಕದಲ್ಲಿ ನಿಂತವೋ ಎಂಬುದನ್ನು ಪ್ರತಿಯೊಂದು ಸಭೆಯೂ ತನ್ನನ್ನೇ ಕೇಳಿಕೊಳ್ಳಲಿ.

4. ತೋಳು ತೋರಿಸಿದ ರಾಣಿ, ಹೆಸರಿಲ್ಲದ ಮಗು

ಬೇರೆ ಬಗೆಯ ಚಿತ್ರಗಳೂ ಇವೆ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಐರಿಷ್ ಕಲಾವಿದನು ಮೈಸೂರು ಅರಮನೆಯ ಮೂವರು ಸ್ತ್ರೀಯರನ್ನು ಚಿತ್ರಿಸಿದನು. ಬಹುಕಾಲ ಇದನ್ನು ರಾಜವೈಭವದ ಚಿತ್ರವೆಂದಷ್ಟೇ ಕಾಣುತ್ತಿದ್ದರು. ಬಲಗಡೆಯ ಯುವತಿ ಸೀರೆಯನ್ನು ಸರಿಸಿ ತೋಳನ್ನು ತೋರಿಸುತ್ತಿರುವುದು ಹೊಸದಾಗಿ ಬಂದಿದ್ದ ಸಿಡುಬಿನ ಲಸಿಕೆಯ ಗುರುತನ್ನು ಕಾಣಿಸಲೆಂದೇ, ಎಡಗಡೆಯವಳ ಮುಖದ ಬಣ್ಣಗೆಟ್ಟ ಚರ್ಮ ಹಳೆಯ ಪದ್ಧತಿಯ ಸಿಡುಬು ಹಾಕಿಸಿಕೊಂಡದ್ದರ ಗುರುತು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ವಾದ. ಈ ಓದನ್ನು ಒಪ್ಪಿದರೆ, ರೋಗಿಯನ್ನು ಹೇಸದೆ, ಯಾರನ್ನೂ ದೂರದೆ, ತನ್ನ ಮೈಯನ್ನೇ ಸಾಕ್ಷಿಯಾಗಿ ಒಡ್ಡಿ ಇತರರಿಗೆ ಧೈರ್ಯ ಹೇಳುವ ಚಿತ್ರವಿದು. ಕಂಪನಿ ಸರಕಾರದ ಹಿತವೂ ಇದರಲ್ಲಿ ಬೆರೆತಿದ್ದುದು ನಿಜ. ಆದರೂ ಆ ತೋಳಿನ ಘನತೆ ಕುಂದುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಸಿಡುಬು ನಿರ್ಮೂಲನ ಕಾರ್ಯಕರ್ತರು 1970ರ ದಶಕದಲ್ಲಿ ಮನೆಮನೆಗೆ ಒಯ್ದ ಗುರುತಿನ ಕಾರ್ಡಿನಲ್ಲಿ ಮೈತುಂಬ ಸಿಡುಬೆದ್ದ ಒಂದು ಮಗುವಿನ ಚಿತ್ರವಿತ್ತು. ಇಂತಹವರು ಯಾರಾದರೂ ಇದ್ದಾರೆಯೇ ಎಂದು ಕೇಳಲು ಅದನ್ನು ತೋರಿಸುತ್ತಿದ್ದರು. 1975ರಲ್ಲಿ ಭಾರತದ ಕಡೆಯ ಸಿಡುಬು ಪ್ರಕರಣ ಕಂಡಿತು. 1980ರಲ್ಲಿ ಜಗತ್ತೇ ಮುಕ್ತವೆಂದು ಘೋಷಣೆಯಾಯಿತು. ಈ ಚಿತ್ರವು ರೋಗಿಯನ್ನು ಅಟ್ಟಲಿಲ್ಲ, ಹುಡುಕಿತು. ಬಂಡಿಯನ್ನು ಮುಂದಿನ ಊರಿಗೆ ನೂಕಲಿಲ್ಲ, ಅಲ್ಲಿಯೇ ನಿಲ್ಲಿಸಿತು. ಕಂಚಿನ ಸರ್ಪದ ಹಾಗೆ, ಬಾಧೆಯನ್ನು ದಿಟ್ಟಿಸಿದ್ದರಿಂದ ಬದುಕು ಬಂತು. ಆದರೆ ಕಾರ್ಡನ್ನು ನೋಡಿದವರಿಗೆ ಆ ಮಗು ಒಂದು ಲಕ್ಷಣವಾಗಿ ಮಾತ್ರ ಪರಿಚಯವಾಯಿತು. ಎಷ್ಟೋ ಜನರನ್ನು ಉಳಿಸಿದ ಚಿತ್ರದ ಈ ಸಾಲವೂ ನಮ್ಮ ಲೆಕ್ಕದಲ್ಲಿರಬೇಕು.

5. ಎಲ್ಲೆಯಾಚೆ ನಿಂತವನು

2020ರ ಜೂನ್ ತಿಂಗಳ ಕೊನೆಯಲ್ಲಿ ಬಳ್ಳಾರಿಯಿಂದ ಒಂದು ವಿಡಿಯೊ ನಾಡಿಗೆಲ್ಲ ಹರಡಿತು. ಮೈಮುಚ್ಚುವ ಉಡುಪು ತೊಟ್ಟವರು ಕೊರೊನಾದಿಂದ ಸತ್ತವರ ದೇಹಗಳನ್ನು ಒಂದೇ ಗುಂಡಿಗೆ ಎಸೆಯುತ್ತಿದ್ದ ದೃಶ್ಯವದು. ನಮ್ಮ ಐದು ತಾಲ್ಲೂಕುಗಳೂ ಆಗ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ಜಿಲ್ಲಾಡಳಿತ ಕ್ಷಮೆ ಕೇಳಿತು. ಎಸೆದವರನ್ನು ಮಾತ್ರ ದೂರಿ ಮುಗಿಸುವ ವಿಷಯ ಇದಲ್ಲ, ಅವರೂ ಅಂಜಿದವರು. ಆ ತಿಂಗಳುಗಳಲ್ಲಿ ನಾವೆಲ್ಲರೂ ದಿನವಿಡೀ ನೋಡಿದ ರೋಗದ ಚಿತ್ರವೆಂದರೆ ಮುಳ್ಳುಮುಳ್ಳಾದ ಒಂದು ಕೆಂಪು ಚೆಂಡು. ಅದರಲ್ಲಿ ಮನುಷ್ಯನೇ ಇರಲಿಲ್ಲ. ಮುಖವಿಲ್ಲದ ಆ ಚೆಂಡಿಗೆ ಕೆಲವರು ನೆರೆಯ ಸಮುದಾಯದ ವೇಷ ತೊಡಿಸಿ ವ್ಯಂಗ್ಯಚಿತ್ರ ಬರೆದರು. ಸತ್ತವರಾದರೋ ಮುಖವಿಲ್ಲದೆ ಗುಂಡಿ ಸೇರಿದರು. ಹೋಳಿಗೆಯಿಟ್ಟು ಕಳುಹಿಸುವ ಮರ್ಯಾದೆಯೂ ಅವರಿಗೆ ಸಿಗಲಿಲ್ಲ.

ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದ ಕೊನೆಯಲ್ಲಿ ಕುಷ್ಠರೋಗಿಯೊಬ್ಬನನ್ನು ಯೇಸು ಕೈಚಾಚಿ ಮುಟ್ಟುವ ಪ್ರಸಂಗವಿದೆ. ಸಂಡೇ ಸ್ಕೂಲಿನ ಚಿತ್ರಪಟಗಳಲ್ಲಿ ನಾವೆಲ್ಲರೂ ಕಂಡ ದೃಶ್ಯ: ಬಿಳಿಯ ಅಂಗಿಯ ಯೇಸು, ಕಾಲಬಳಿ ಬಾಗಿದ ರೋಗಿ. ಆದರೆ ಮಾರ್ಕನು ಹೇಳುವ ಕೊನೆಯ ಮಾತನ್ನು ಯಾವ ಚಿತ್ರಪಟವೂ ನಮಗೆ ತೋರಿಸಲಿಲ್ಲ. ಗುಣವಾದವನು ಸುದ್ದಿಯನ್ನು ಹಬ್ಬಿಸುತ್ತ ಜನರ ನಡುವೆ ತಿರುಗುತ್ತಾನೆ. ಯೇಸುವಾದರೋ ಊರೊಳಗೆ ಬಹಿರಂಗವಾಗಿ ಬರಲಾರದೆ ಹೊರಗೆ, ಜನರಿಲ್ಲದ ಸ್ಥಳಗಳಲ್ಲಿ ಉಳಿಯಬೇಕಾಗುತ್ತದೆ. ಇಬ್ಬರೂ ಸ್ಥಳ ಬದಲಿಸಿಕೊಂಡಿದ್ದಾರೆ. ಪಾಳೆಯದ ಹೊರಗಿದ್ದವನು ಒಳಗೆ, ಒಳಗಿದ್ದವನು ಹೊರಗೆ. ಬಾಗಿಲ ಹೊರಗಿನ ಶಿಲುಬೆಯ ದಾರಿ ಇಲ್ಲಿಂದಲೇ ಆರಂಭವಾಗುತ್ತದೆ.

ರೋಗದ ಚಿತ್ರಗಳನ್ನು ತೂಗಲು ಕ್ರೈಸ್ತ ವಿಮರ್ಶೆಗೆ ಇದಕ್ಕಿಂತ ಬೇರೆ ತಕ್ಕಡಿ ಬೇಕಿಲ್ಲ. ಅಜ್ಜಿಯ ಮೊರವು ರೋಗಿಯನ್ನು ಮನೆಯೊಳಗೆ ಉಳಿಸಿಕೊಂಡು ರೋಗವನ್ನು ಹೊರಗೆ ಒಯ್ಯುತ್ತದೆ. ಆ ಮಟ್ಟಿಗೆ ಅದು ಅನೇಕ ಮಿಶನರಿ ಚಿತ್ರಗಳಿಗಿಂತ ಸುವಾರ್ತೆಗೆ ಹತ್ತಿರವಾಗಿದೆಯೆಂದು ಒಪ್ಪಿಕೊಳ್ಳಲು ನಾವು ಹಿಂಜರಿಯಬೇಕಾಗಿಲ್ಲ. ಆದರೆ ಮೊರವನ್ನು ಇಟ್ಟ ಹೆಂಗಸು ಹಿಂದಿರುಗಿ ನೋಡದೆ ಮನೆಗೆ ನಡೆಯುತ್ತಾಳೆ. ಎಲ್ಲೆಯಾಚೆ ಬಿಟ್ಟದ್ದರ ಬಳಿ ಯಾರಾದರೂ ನಿಲ್ಲಬೇಕಲ್ಲವೇ? ಅಲ್ಲಿ ಒಬ್ಬನು ನಿಂತಿದ್ದಾನೆಂದು ಸಭೆಯು ನಂಬುತ್ತದೆ. ನಂಬಿಕೆ ನಿಜವಾದರೆ ಸಭೆಯ ಜಾಗವೂ ಅಲ್ಲಿಯೇ. ಮುಂದಿನ ಮಾರಿ ಬಂದಾಗ ನಮ್ಮ ಗೋಡೆಯ ಮೇಲೆ, ನಮ್ಮ ಪತ್ರಿಕೆಯಲ್ಲಿ, ನಮ್ಮ ಫೋನಿನಲ್ಲಿ ಯಾವ ಚಿತ್ರವಿರುತ್ತದೆ ಎಂಬುದು ನಾವು ಆ ಜಾಗದಲ್ಲಿದ್ದೇವೋ ಇಲ್ಲವೋ ಎಂಬುದನ್ನು ತಿಳಿಸುತ್ತದೆ.