ಚಕ್ರವಿದ್ದೂ ಉರುಳದ ವ್ಯಾನು

ಅಹಮದಾಬಾದಿನ ಲಾ ಗಾರ್ಡನ್ ಪಕ್ಕದ ‘ಹ್ಯಾಪಿ ಸ್ಟ್ರೀಟ್’ ಎಂಬ ತಿಂಡಿ ಬೀದಿಗೆ ನಮ್ಮ ನಗರತಜ್ಞರು ಕೊಟ್ಟಿರುವ ಹೆಸರು ಅದರ ಯೋಗ್ಯತೆಗಿಂತ ಬಹಳ ದೊಡ್ಡದು. ಬೆಂಗಳೂರಿನ ವಿ.ವಿ. ಪುರಂನ ತಿಂಡಿ ಬೀದಿಯನ್ನು ಅಗೆದು ಹಾಕಿದ್ದ ದಿನಗಳಲ್ಲಿ, ಗಾಂಧಿ ಬಜಾರಿನ ವ್ಯಾಪಾರಿಗಳು ಕಾಮಗಾರಿಯ ಧೂಳು ಕುಡಿಯುತ್ತಿದ್ದ ದಿನಗಳಲ್ಲಿ, ಯಾವ ಚರ್ಚೆಗೆ ಹೋದರೂ ‘ಗುಜರಾತಿನವರು ಹೇಗೆ ಮಾಡಿದ್ದಾರೆ, ನೋಡಿ ಬನ್ನಿ’ ಎನ್ನುವವರು ಒಬ್ಬರಾದರೂ ಇರುತ್ತಿದ್ದರು. ನೋಡಿ ಬಂದದ್ದಾಯಿತು. ಬೀದಿ ಚೊಕ್ಕಟವಾಗಿದೆ, ದೀಪಗಳು ಝಗಮಗಿಸುತ್ತವೆ, ಕೂರಲು ಆಸನಗಳಿವೆ, ಪಾವ್ ಭಾಜಿ ರುಚಿಯಾಗಿಯೇ ಇದೆ. ಇಷ್ಟು ಒಳ್ಳೆಯ ಮಾತು ಸಾಕು.

ಹಿನ್ನೆಲೆ ಎಲ್ಲರಿಗೂ ಗೊತ್ತಿರುವುದೇ. 2018ರಲ್ಲಿ ರಸ್ತೆ, ಪಾರ್ಕಿಂಗ್‌ ಅವ್ಯವಸ್ಥೆಯ ಬಗ್ಗೆ ಗುಜರಾತ್ ಹೈಕೋರ್ಟ್ ಚಾಟಿ ಬೀಸಿತು. ಪಾಲಿಕೆ ತೆರವು ಕಾರ್ಯಾಚರಣೆಗೆ ಇಳಿಯಿತು. ಲಾ ಗಾರ್ಡನ್ನಿನ ಹಳೆಯ ತಿಂಡಿ ಬೀದಿ ‘ಖಾವು ಗಲ್ಲಿ’ ಅದರಲ್ಲಿ ಕೊಚ್ಚಿಹೋಯಿತು. ಅದೇ ಜಾಗ 2020ರ ಫೆಬ್ರುವರಿಯಲ್ಲಿ, ಕೋಟಿಗಟ್ಟಲೆ ಖರ್ಚಿನ ಮೇಲೆ, ಹ್ಯಾಪಿ ಸ್ಟ್ರೀಟ್ ಆಗಿ ಬಾಗಿಲು ತೆರೆಯಿತು. ಎರಡು ತಿಂಗಳು ಕಳೆಯುವ ಮುನ್ನವೇ ಲಾಕ್‌ಡೌನ್ ಬಂತು. ಅದು ಯೋಜಕರ ತಪ್ಪಲ್ಲ, ಆ ಲೆಕ್ಕವನ್ನು ಅವರ ತಲೆಗೆ ಕಟ್ಟುವುದು ಬೇಡ.

ನನ್ನ ತಕರಾರು ಇರುವುದು ವ್ಯಾನಿನ ಮೇಲೆ. ಹಳೆಯ ಗಲ್ಲಿಯಲ್ಲಿ ಇದ್ದದ್ದು ಲಾರಿ. ಗುಜರಾತಿಯಲ್ಲಿ ತಳ್ಳುಗಾಡಿಗೆ ಹಾಗೆನ್ನುತ್ತಾರೆ. ‘ಲಾರಿ-ಗಲ್ಲಾ’ ಎಂದರೆ ಬೀದಿ ವ್ಯಾಪಾರದ ಇಡೀ ಸಂಸಾರ. ಹೊಸ ಬೀದಿಯಲ್ಲಿ ಅದರ ಜಾಗಕ್ಕೆ ಬಂದದ್ದು ಫುಡ್ ವ್ಯಾನು. ಮೇಲ್ನೋಟಕ್ಕೆ ಇದು ಬಡ್ತಿ. ಲಾರಿಗೂ ಚಕ್ರ, ವ್ಯಾನಿಗೂ ಚಕ್ರ. ಆದರೆ ಲಾರಿಯ ಚಕ್ರಕ್ಕೆ ಕೆಲಸವಿತ್ತು. ಸಂಜೆ ಅದು ಬರುತ್ತಿತ್ತು, ರಾತ್ರಿ ಹೋಗುತ್ತಿತ್ತು, ಮಧ್ಯಾಹ್ನ ಆ ನೆಲ ಬೇರೆಯವರದಾಗಿರುತ್ತಿತ್ತು. ವ್ಯಾನು ತನಗೆಂದು ಗೆರೆ ಎಳೆದ ಚೌಕದಲ್ಲಿ ನಿಂತಿದೆ. ನೀರು, ವಿದ್ಯುತ್ತು ಅಲ್ಲಿಗೇ, ಬಾಡಿಗೆಯ ಕರಾರೂ ಆ ಚೌಕಕ್ಕೇ. ಚಕ್ರ ಅಲಂಕಾರಕ್ಕೆ ಉಳಿದಿದೆ. ಬೀದಿ ವ್ಯಾಪಾರದ ವೇಷ ಹಾಕಿದ ಅಂಗಡಿ ಸಾಲು ಅದು. ಮಾಲ್‌ನ ಫುಡ್ ಕೋರ್ಟಿಗೆ ಗೋಡೆ ತೆಗೆದು ಆಕಾಶ ಹೊದಿಸಿದಂತಿದೆ.

ವ್ಯತ್ಯಾಸ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಅದೇ ಊರಿನ ಮಾಣೆಕ್ ಚೌಕಕ್ಕೆ ಹೋಗಬೇಕು. ಹಳೇ ಪೇಟೆಯ ನಡುವೆ, ಬಾದಶಹನ ಗೋರಿಗೂ ರಾಣಿಯರ ಗೋರಿಗೂ ಮಧ್ಯೆ ಇರುವ ಈ ಚೌಕದಲ್ಲಿ ಬೆಳಗ್ಗೆ ಪುಣ್ಯದ ಲೆಕ್ಕಕ್ಕೆ ಹಸುಗಳಿಗೆ ಹುಲ್ಲು ಹಾಕುತ್ತಾರೆ. ಹೊತ್ತೇರಿದರೆ ಅದು ಸರಾಫ ಕಟ್ಟೆ, ಚಿನ್ನ ಬೆಳ್ಳಿಯ ದೊಡ್ಡ ವಹಿವಾಟಿನ ಜಾಗ. 1894ರಲ್ಲಿ ಶುರುವಾದ ಅಹಮದಾಬಾದ್ ಷೇರು ಪೇಟೆಯೂ ಇದೇ ಚೌಕದ ಕೂಸು. ಅಕ್ಕಸಾಲಿಗರ ಅಂಗಡಿ ಮುಂದಿನ ಧೂಳನ್ನು ಗುಡಿಸಿ, ತೊಳೆದು, ಅದರಿಂದ ಚಿನ್ನದ ಕಣ ಹೆಕ್ಕಿ ಬದುಕುವ ಧೂಲ್‌ಧೋಯಾಗಳಿಗೂ ಇಲ್ಲಿ ಪಾಲಿದೆ. ಕತ್ತಲಾಗಿ ಆಭರಣದಂಗಡಿಗಳ ಶಟರು ಬೀಳುತ್ತಿದ್ದಂತೆ ಮೂಲೆಗಳಿಂದ ಲಾರಿಗಳು ಉರುಳಿ ಬರುತ್ತವೆ. ಹಗಲು ಲಕ್ಷಗಳ ವ್ಯವಹಾರ ನಡೆದ ಮೆಟ್ಟಿಲ ಮುಂದೆ ರಾತ್ರಿ ಪ್ಲಾಸ್ಟಿಕ್ ಕುರ್ಚಿಗಳು. ಕಾವಲಿಯ ಮೇಲೆ ಬೆಣ್ಣೆಯ ಗಡ್ಡೆ ಬಿದ್ದು, ತರಕಾರಿ, ಪನೀರು, ಚೀಸು ಎಲ್ಲವೂ ದೋಸೆಯ ಮೇಲೇ ನುಜ್ಜುಗುಜ್ಜಾಗುತ್ತವೆ. (ನಮ್ಮ ದೋಸೆ ಅಲ್ಲಿ ಪಾವ್ ಭಾಜಿಯ ಜೊತೆ ಸಂಸಾರ ಹೂಡಿದೆ. ಉಡುಪಿಯವರು ನೋಡದಿರುವುದೇ ಲೇಸು.) ಮಧ್ಯರಾತ್ರಿ ದಾಟಿದ ಮೇಲೆ ಎಲ್ಲ ಖಾಲಿ.

ಈ ಪಾಳಿಯ ವ್ಯವಸ್ಥೆಯನ್ನು ಯಾವ ವಾಸ್ತುಶಿಲ್ಪಿಯೂ ವಿನ್ಯಾಸ ಮಾಡಲಿಲ್ಲ. ಹಾಗೆಂದು ಅದು ಅವ್ಯವಸ್ಥೆಯಲ್ಲ. ಅತಿ ದುಬಾರಿ ನೆಲವನ್ನು ಅತಿ ಕಡಿಮೆ ಬಂಡವಾಳದವನೂ ದಿನಕ್ಕೆ ಕೆಲವು ಗಂಟೆ ಬಳಸಬಲ್ಲ ಎನ್ನುವುದೇ ಅದರ ಕೌಶಲ. ಸರಾಫನ ಬಾಡಿಗೆ ಪಾವ್ ಭಾಜಿಯವನ ತಲೆಯ ಮೇಲೆ ಬೀಳುವುದಿಲ್ಲ, ಏಕೆಂದರೆ ಸರಾಫ ಮನೆಗೆ ಹೋಗಿ ಊಟ ಮಾಡುತ್ತಿದ್ದಾನೆ. ಹ್ಯಾಪಿ ಸ್ಟ್ರೀಟಿನಂಥ ಫುಡ್ ಹಾಲ್ ಮಾದರಿ ಮೊದಲು ಕತ್ತರಿಸುವುದು ಈ ನರವನ್ನೇ. ಜಾಗಕ್ಕೆ ಒಂದೇ ಉಪಯೋಗ, ಒಬ್ಬನೇ ಬಾಡಿಗೆದಾರ, ಇಪ್ಪತ್ನಾಲ್ಕು ಗಂಟೆಯ ಹೊರೆ.

ಆ ಹೊರೆ ತಟ್ಟೆಗೆ ಹೇಗೆ ಇಳಿಯುತ್ತದೆ ನೋಡಿ. ತಿಂಗಳಿಗೆ 30,000 ರೂಪಾಯಿ ಬಾಡಿಗೆ ಎಂದೇ ಹಿಡಿಯಿರಿ, ಪೇಟೆ ದರದಲ್ಲಿ ಅದು ದೊಡ್ಡದೇನೂ ಅಲ್ಲ. ದಿನಕ್ಕೆ 1,000 ಆಯಿತು. ಪ್ಲೇಟಿಗೆ 10 ರೂಪಾಯಿ ಉಳಿಸುವ ಭೇಲ್‌ನವನು 100 ಪ್ಲೇಟು ಮಾರಿದ ನಂತರವಷ್ಟೇ ತನ್ನ ಮಕ್ಕಳಿಗಾಗಿ ದುಡಿಯಲು ಶುರುಮಾಡುತ್ತಾನೆ. ಮಳೆಯ ದಿನ, ಪರೀಕ್ಷೆಯ ದಿನ, ಅವನಿಗೆ ಜ್ವರ ಬಂದ ದಿನ ಕೂಡ ಆ ಸಾವಿರ ನಿಲ್ಲುವುದಿಲ್ಲ. ಅದರ ಮೇಲೆ ವ್ಯಾನಿನ ಸಾಲದ ಕಂತು. ಹೀಗಾಗಿ ಭೇಲ್‌ನವನು ಹೊರಬೀಳುತ್ತಾನೆ, ಇಲ್ಲವೇ ಭೇಲ್‌ಗೆ ಚೀಸು ಸುರಿದು ದರ ಮೂರು ಪಟ್ಟು ಮಾಡುತ್ತಾನೆ. ಮೇಲ್ದರ್ಜೆಯ ರುಚಿ ಎಂದು ಅಂಕಣಗಳಲ್ಲಿ ಬರೆಸಿಕೊಳ್ಳುವ ಎಷ್ಟೋ ತಿನಿಸುಗಳ ಹುಟ್ಟು ಈ ಲೆಕ್ಕದಲ್ಲಿದೆ, ಅಡುಗೆಯವನ ಕಲ್ಪನೆಯಲ್ಲಲ್ಲ.

‘ಹಾಗಾದರೆ ಶುಚಿತ್ವ ಬೇಡವೇ?’ ಎನ್ನುವ ಪ್ರಶ್ನೆ ತಕ್ಷಣ ಬರುತ್ತದೆ. ಬೇಕು. 1994ರ ಪ್ಲೇಗಿನ ಸೂರತ್ ಕಂಡ ನಾಡಿನಲ್ಲಿ ಕೊಳೆಯನ್ನು ಸಂಸ್ಕೃತಿ ಎಂದು ಸಮರ್ಥಿಸುವುದು ದುರಹಂಕಾರ. ಆದರೆ ಸೂರತ್‌ ಹೇಳುವುದು ಫುಡ್ ಹಾಲ್ ಪರವಾಗಿ ಅಲ್ಲ. 1995ರಲ್ಲಿ ಪಾಲಿಕೆ ಆಯುಕ್ತರಾಗಿ ಬಂದ ಎಸ್.ಆರ್. ರಾವ್ ಊರು ಗುಡಿಸಿದ್ದು ದಿನಾ ಬೀದಿಗಿಳಿಯುವ ಅಧಿಕಾರಿಗಳಿಂದ, ಶುಚಿಯಿಲ್ಲದ ದೊಡ್ಡ ಹೋಟೆಲಿಗೂ ಬೀಗ ಹಾಕುವ ಧೈರ್ಯದಿಂದ. ಅಹಮದಾಬಾದಿನಲ್ಲೇ ಇನ್ನೊಂದು ಪುರಾವೆ ಇದೆ. ಕಾಂಕರಿಯಾ ಕೆರೆಯ ದಂಡೆಯ ತಿಂಡಿ ಅಂಗಡಿಗಳಿಗೆ 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ದೇಶದ ಮೊದಲ ‘ಕ್ಲೀನ್ ಸ್ಟ್ರೀಟ್ ಫುಡ್ ಹಬ್’ ಎಂಬ ಮಾನ್ಯತೆ ಕೊಟ್ಟಿತು. ಇದ್ದ ವ್ಯಾಪಾರಿಗಳಿಗೇ ತರಬೇತಿ, ತಪಾಸಣೆ, ನೀರು, ಕಸದ ವ್ಯವಸ್ಥೆ. ಕಾಂಕರಿಯಾ ಬೇಲಿಯೊಳಗಿದೆ, ಒಳಗೆ ಹೋಗಲು ಟಿಕೆಟ್ ಕೊಳ್ಳಬೇಕು, ಅದು ಪೂರ್ತಿ ಬೀದಿಯಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ ಕೈ ತೊಳೆಯುವುದನ್ನು ಕಲಿಸಲು ಟೆಂಡರ್ ಕರೆಯಬೇಕಿಲ್ಲ ಎಂಬುದಕ್ಕೆ ಅಷ್ಟು ಸಾಕ್ಷಿ ಸಾಕು.

ಹೊಗಳುವವರಿಗಿಂತ ನನಗೆ ಹೆಚ್ಚು ಸಿಟ್ಟು ಬರುವುದು ನಿಟ್ಟುಸಿರು ಬಿಡುವವರ ಮೇಲೆ. ಹಳೆಯ ಗಲ್ಲಿಯ ‘ಆತ್ಮ’ ಹೋಯಿತು, ಹೊಗೆ ಹೋಯಿತು, ಗದ್ದಲ ಹೋಯಿತು ಎಂದು ಗೋಳಾಡುವ ಒಂದು ಪಂಥವೇ ಇದೆ. ಇವರ ಬರಹಗಳಲ್ಲಿ ಬೀದಿ ವ್ಯಾಪಾರಿ ಒಂದು ಪರಿಮಳ. ಅವನಿಗೆ ಬಾಡಿಗೆಯಿಲ್ಲ, ಪೊಲೀಸರ ಮಾಮೂಲಿಲ್ಲ, ಒತ್ತುವರಿ ತೆರವಿನ ‘ದಬಾಣ್’ ಗಾಡಿ ಬಂದಾಗ ಒಲೆ ಹೊತ್ತು ಓಡುವ ಪಾಡಿಲ್ಲ. ಆತ್ಮದ ಮಾತಾಡಿದರೆ ಇಂಜಿನಿಯರು ಸಲೀಸಾಗಿ ಗೆಲ್ಲುತ್ತಾನೆ: ಎರಡು ಭಿತ್ತಿಚಿತ್ರ ಬರೆಸಿ, ಹಳೇ ಶೈಲಿಯ ದೀಪದ ಕಂಬ ನೆಟ್ಟು, ಆತ್ಮ ವಾಪಸು ತಂದೆ ಎನ್ನುತ್ತಾನೆ. ಗಂಟೆಯ ಲೆಕ್ಕ ಕೇಳಿದ್ದರೆ ಅವನಿಗೆ ಬೆವರು ಇಳಿಯುತ್ತಿತ್ತು.

ಇನ್ನು ಕೆಲವರು ಯುರೋಪಿನ ದಾಖಲೆ ಹಿಡಿದು ಬರುತ್ತಾರೆ. ಮ್ಯಾಡ್ರಿಡ್‌ನ ಸಾನ್ ಮಿಗೆಲ್, 1916ರ ಮಾರುಕಟ್ಟೆ, 2009ರಲ್ಲಿ ದುಬಾರಿ ತಿನಿಸುಗಳ ತಾಣವಾಗಿ ತೆರೆದದ್ದು, ಪ್ರವಾಸಿಗರಿಂದ ತುಂಬಿ ತುಳುಕುತ್ತದೆ; ಹೌದು. ಲಿಸ್ಬನ್ನಿನದು ಇನ್ನೂ ಸ್ವಾರಸ್ಯಕರ. ಅಲ್ಲಿಯ ಹಳೆಯ ರಿಬೇರಾ ಮಾರುಕಟ್ಟೆಯ ಒಂದು ಭಾಗವನ್ನು 2014ರಲ್ಲಿ ‘ಟೈಮ್ ಔಟ್’ ಪತ್ರಿಕೆ ತಾನೇ ಫುಡ್ ಹಾಲ್ ಮಾಡಿತು. ಯಾವ ಬಾಣಸಿಗ ಇರಬೇಕೆಂದು ಆರಿಸುವುದೂ ಪತ್ರಿಕೆ, ಅವರಿಂದ ಹಣ ಎತ್ತುವುದೂ ಪತ್ರಿಕೆ. ವಿಮರ್ಶಕರೇ ಜಮೀನುದಾರರಾದ ಇಂಥ ಮಾದರಿಯನ್ನು ನಮ್ಮ ಆಹಾರ ಅಂಕಣಕಾರರು ಮೆಚ್ಚುವುದು ಸಹಜವೇ. ಆದರೆ ಅದೇ ಕಟ್ಟಡದ ಇನ್ನೊಂದು ಭಾಗದಲ್ಲಿ ಮೀನು, ತರಕಾರಿಯ ಬೆಳಗಿನ ಸಂತೆ ಉಳಿದಿದೆ ಎಂಬ ವಾಕ್ಯ ಅವರ ಲೇಖನಗಳಲ್ಲಿ ಹೇಗೋ ಜಾರಿಹೋಗುತ್ತದೆ.

ನಮ್ಮಲ್ಲಿ ಉದಾಹರಣೆಯೂ ಇದೆ, ಕಾಯ್ದೆಯೂ ಇದೆ. ಇಳಾ ಭಟ್ 1972ರಲ್ಲಿ ಕಟ್ಟಿದ, ಸ್ವಉದ್ಯೋಗಿ ಹೆಂಗಸರ ‘ಸೇವಾ’ ಸಂಘಟನೆ 1980ರ ದಶಕದಲ್ಲಿ ಮಾಣೆಕ್ ಚೌಕದ ತರಕಾರಿ ಹೆಂಗಸರಿಗಾಗಿ ಸುಪ್ರೀಂ ಕೋರ್ಟ್‌ ಮೆಟ್ಟಿಲೇರಿತು. ಅವರು ಕೇಳಿದ್ದು ಎರಡು ಬುಟ್ಟಿಯಷ್ಟು ಜಾಗ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಆ ಹೋರಾಟಗಳ ಫಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳೇ ಇರಬೇಕು, ಐವತ್ತು ವರ್ಷ ದಾಟಿದ ಮಾರುಕಟ್ಟೆಗೆ ಪಾರಂಪರಿಕ ಸ್ಥಾನ ಸಿಗಬೇಕು ಎಂದು ಅದು ಹೇಳುತ್ತದೆ. ಅಷ್ಟೇ ಅಲ್ಲ, ಸಮಯ ಹಂಚಿಕೊಂಡು ವ್ಯಾಪಾರ ಮಾಡುವ ಕ್ರಮವನ್ನೂ ಯೋಜನೆಯಲ್ಲಿ ಸೇರಿಸಬೇಕೆನ್ನುತ್ತದೆ. ಮಾಣೆಕ್ ಚೌಕದ ಪಾಳಿ ಶಾಸನದೊಳಕ್ಕೇ ಬಂದು ಕೂತಿದೆ. ಫುಡ್ ಸ್ಟ್ರೀಟ್ ಉದ್ಘಾಟನೆಗಳ ಭಾಷಣದಲ್ಲಿ ಆ ಕಾಯ್ದೆಯ ಹೆಸರು ಎಷ್ಟು ಬಾರಿ ಕೇಳಿದ್ದೀರಿ?

ವಡೋದರದಲ್ಲಿ ಈ ಫುಡ್ ಹಾಲ್ ಮೋಹದ ಮುಂದಿನ ಅಂಕ ನಡೆಯಬಹುದೆಂಬ ಅಳುಕು ನನಗಿದೆ. ರೈಲು ಹಳಿಯ ಪಶ್ಚಿಮಕ್ಕೆ ಆಲ್ಕಾಪುರಿ, ಹವಾನಿಯಂತ್ರಿತ ತಿಂಡಿಯ ಸೀಮೆ. ಅಲ್ಲಿ ಇನ್ನೂ ಹತ್ತು ಫುಡ್ ಹಾಲ್ ಬಂದರೂ ಯಾರ ತುತ್ತೂ ಹೋಗುವುದಿಲ್ಲ, ಬರಲಿ. ಅಳುಕು ಪೂರ್ವದ ಬಗ್ಗೆ. ಅಲ್ಲಿ, ಹಳೇ ಊರಿನ ಕಡೆ, ಮಹಾರಾಜ ಸಯಾಜಿರಾವ್ 1906ರಲ್ಲಿ ಕಟ್ಟಿಸಿದ ಖಂಡೇರಾವ್ ಮಾರ್ಕೆಟ್ ಇದೆ. ಅರಮನೆಯ ಗತ್ತಿನ ಆ ಕಟ್ಟಡದಲ್ಲಿ ಕೂತು ಊರು ಆಳುವುದು ಮಹಾನಗರ ಪಾಲಿಕೆ, ಹಿಂಬದಿಯಲ್ಲಿ ಹೂವು, ತರಕಾರಿಯ ವ್ಯಾಪಾರ. ಸೊಪ್ಪು ಮಾರುವವರ ಕೂಗಿಗೂ ಆಡಳಿತದ ಕಡತಕ್ಕೂ ನಡುವೆ ಇಷ್ಟು ಕಡಿಮೆ ದೂರವಿರುವ ಕಟ್ಟಡವನ್ನು ಹೊಗಳಿ ಬರೆದವರು ಬಹಳ ಇಲ್ಲ. ಬರೆದವರೂ ಗುಮ್ಮಟ, ಕಮಾನುಗಳಲ್ಲೇ ಮುಗಿಸುತ್ತಾರೆ.

ನಮ್ಮ ಕಡೆಗೆ ಬರೋಣ. ವಿ.ವಿ. ಪುರಂ ಬೀದಿ ಹಗಲು ಸಾಧಾರಣ ರಸ್ತೆ, ಸಂಜೆ ತಿಂಡಿಯ ಸಾಲು, ಮೊದಲೆಲ್ಲ ಜನವರಿಯಲ್ಲಿ ಅವರೆಕಾಯಿ ಮೇಳವೂ. ಅಲ್ಲೂ ಪಾಳಿಯೇ. ಕಾಮಗಾರಿಯ ದೆಸೆಯಿಂದ 2023ರಲ್ಲಿ ಮೇಳ ನ್ಯಾಷನಲ್ ಕಾಲೇಜು ಮೈದಾನಕ್ಕೆ ಎದ್ದುಹೋಯಿತು. 2016ರಲ್ಲಿ ಗೋಡೆ ಕುಸಿದ ಮೈಸೂರಿನ ದೇವರಾಜ ಮಾರುಕಟ್ಟೆಯ ಬಗ್ಗೆ ಕೆಡವಬೇಕೋ ಉಳಿಸಬೇಕೋ ಎಂಬ ವಾದ ವರ್ಷಗಟ್ಟಲೆ ಎಳೆಯಿತು. ಎರಡೂ ಕಡೆಯವರು ಮಾತಾಡಿದ್ದು ಗಾರೆ, ಸುಣ್ಣ, ಕಮಾನಿನ ಬಗ್ಗೆಯೇ ಹೆಚ್ಚು. ಹೂವಿನವನು ಎಷ್ಟು ಹೊತ್ತಿಗೆ ಮೂಟೆ ಇಳಿಸುತ್ತಾನೆ, ಯಾರ ಜಗಲಿ ಯಾವಾಗ ಖಾಲಿ, ಆ ಖಾಲಿ ಹೊತ್ತಿನಲ್ಲಿ ಅಲ್ಲಿ ಕೂರುವ ವೀಳ್ಯದೆಲೆಯ ಅಜ್ಜಿ ಯಾರಿಗೆ ಎಷ್ಟು ಕೊಡುತ್ತಾಳೆ, ಇದನ್ನು ಬರೆದುಕೊಂಡ ವರದಿ ನನ್ನ ಕಣ್ಣಿಗೆ ಬಿದ್ದಿಲ್ಲ. ಅಹಮದಾಬಾದಿಗೆ ಅಧ್ಯಯನ ಪ್ರವಾಸ ಹೋಗುವ ನಮ್ಮ ಪಾಲಿಕೆಯವರು ಹ್ಯಾಪಿ ಸ್ಟ್ರೀಟಿನ ಫೋಟೊ ತೆಗೆದು ಮುಗಿಸಿ, ಹೋಟೆಲಿಗೆ ಮರಳುವ ಮುನ್ನ ರಾತ್ರಿ ಒಂಬತ್ತರ ಹೊತ್ತಿಗೆ ಮಾಣೆಕ್ ಚೌಕದಲ್ಲಿ ಗಾಡಿ ನಿಲ್ಲಿಸಲಿ. ಪಾರ್ಕಿಂಗ್ ಸಿಗುವುದಿಲ್ಲ, ಸ್ವಲ್ಪ ನಡೆಯಬೇಕಾದೀತು.